ಬಂದುಹೋಗುವ ಬೋಧಕನೂ ಊರಲ್ಲಿ ಉಳಿಯುವ ಬೋಧೆಯೂ

ಮನುಷ್ಯನು ತಿಳಿಯತಕ್ಕದ್ದನ್ನು ತಿಳಿಯದೆ ಇದ್ದರೆ ಅದು ಅವನ ದುರ್ದೆಸೆಯೋ, ಇಲ್ಲವೆ ಅವನ ದೋಷವೋ? ಈ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟವರು ಶಾಸ್ತ್ರ ಬಲ್ಲ ಪಂಡಿತರಲ್ಲ. ಅರಸೀಕೆರೆಯ ಸೀಮೆಯಲ್ಲಿ ತೆಂಗಿನ ತೋಟಗಳ ಕೂಲಿಯಿಂದ ಜೀವನಮಾಡುವ ಒಬ್ಬ ವೃದ್ಧ ಸ್ತ್ರೀಯು. ಅದು ಹೇಗಾಯಿತೆಂಬದನ್ನು ಮೊದಲು ಹೇಳುತ್ತೇವೆ.

ನಾವು ಹನ್ನೊಂದು ವರುಷಗಳಿಂದ ಆ ಹಳ್ಳಿಗೆ ಹೋಗಿಬರುತ್ತಿದ್ದೆವು. ಒಂದು ಸಾರಿ ಜ್ವರದಿಂದ ಮೂರು ತಿಂಗಳು ಹಾಸಿಗೆ ಹಿಡಿದು, ಗುಣವಾದ ಮೇಲೆ ಅಲ್ಲಿಗೆ ಹೋದಾಗ, ಪ್ರಾರ್ಥನಾಮಂದಿರದ ಬಾಗಲಿಗೆ ಜೇಡರಬಲೆ ಕಟ್ಟಿತ್ತು. "ಯಾಕೆ ಕೂಡಿಬರಲಿಲ್ಲ?" ಎಂದು ಕೇಳಿದೆವು. "ನೀವು ಬರಲಿಲ್ಲವಲ್ಲಾ, ಉಪದೇಶಿಯವರೇ" ಅಂದರು. ನಮಗೆ ಸಿಟ್ಟು ಬಂತು. "ಇಷ್ಟು ವರುಷ ಕೇಳಿದವರಲ್ಲಿ ಒಂದು ಅಧ್ಯಾಯವನ್ನು ಓದಿ ಹೇಳುವದಕ್ಕೆ ಒಬ್ಬರಾದರೂ ಇಲ್ಲವೋ?" ಎಂದು ಗದರಿಸಿದೆವು. ಎಲ್ಲರೂ ತಲೆತಗ್ಗಿಸಿಕೊಂಡಿರಲು ಆ ವೃದ್ಧೆಯು, "ಅಯ್ಯನವರೇ, ಹನ್ನೊಂದು ವರುಷ ನೀವು ಓದಿದಿರಿ, ನಾವು ಕೇಳಿದೆವು. ನಮ್ಮ ಕೈಗೆ ಪುಸ್ತಕವನ್ನು ಯಾವತ್ತು ಕೊಟ್ಟಿರಿ?" ಅಂದಳು. ನಮ್ಮ ಬಾಯಿ ಕಟ್ಟಿಹೋಯಿತು. ದೋಷವು ಅವರದೆಂದು ಹೇಳಹೋದವರಿಗೆ ಅದು ನಮ್ಮದೇ ಎಂಬದು ತೋರಿತು. ಆದರೂ ದೋಷವೆಲ್ಲಾ ನಮ್ಮದೇ ಎನ್ನುವದೂ ಸರಿಯೋ? ಈ ವಿಷಯವನ್ನು ಬಹುದಿನ ವಿಚಾರಿಸಿದ್ದೇವೆ. ವಿಚಾರಿಸುವಾಗ ನಮಗೆ ಹೆಚ್ಚಾಗಿ ಸಹಾಯವಾದದ್ದು ಯೆಹೂದ್ಯ ಜನಾಂಗದ ನಡವಳಿಕೆಯು. ಯಾಕಂದರೆ ವಯಸ್ಸಾದವರು ಕಲಿಯುವದನ್ನೂ, ಊರಿಂದೂರಿಗೆ ಬೋಧಕರನ್ನು ಕರೆದು ಕೇಳುವದನ್ನೂ ಅವರು ಎರಡು ಸಾವಿರ ವರುಷಗಳಿಗಿಂತ ಹೆಚ್ಚು ಕಾಲದಿಂದ ನಡಿಸಿಕೊಂಡು ಬಂದಿದ್ದಾರೆ.

ಎಜ್ರನು ಧರ್ಮಶಾಸ್ತ್ರವನ್ನು ಓದಿದ ಸಂಗತಿಯು ನೆಹೆಮೀಯನ ಗ್ರಂಥದಲ್ಲಿ ಇರುವದನ್ನು ನೀವು ಬಲ್ಲಿರಿ. ಅಲ್ಲಿ ಗಮನಿಸತಕ್ಕದ್ದೇನಂದರೆ, ಕೂಡಿಬಂದವರು ಮಕ್ಕಳು ಮಾತ್ರವಲ್ಲ. ಗಂಡಸರೂ ಹೆಂಗಸರೂ, ಕೇಳಿ ತಿಳಿಯಬಲ್ಲವರೆಲ್ಲರೂ ಇದ್ದರು. ಎಜ್ರನು ಪೀಠದ ಮೇಲೆ ನಿಂತು ಓದಿದ್ದರಿಂದಲೇ ಕೆಲಸ ತೀರಲಿಲ್ಲ. ಲೇವಿಯರು ಜನರ ನಡುವೆ ಇದ್ದು ಅರ್ಥವನ್ನು ಬಿಡಿಸಿ ಹೇಳಿದರು. ಎತ್ತರದಲ್ಲಿ ನಿಂತ ಒಬ್ಬ ಪಂಡಿತನೂ, ಜನರ ಸಾಲಿನಲ್ಲಿ ನಿಂತ ಅನೇಕ ಸಹಾಯಕರೂ, ಈ ಇಬ್ಬಗೆಯವರು ಕೂಡಿದರೇನೇ ಬೋಧೆಯು ಪೂರ್ತಿಯಾಯಿತು.

ಯೆಹೂದ್ಯರು ಸಬ್ಬತ್ತಿನ ದಿನದಲ್ಲಿ ಅಲ್ಲದೆ ಸೋಮವಾರ ಗುರುವಾರಗಳಲ್ಲಿಯೂ ಸಭಾಮಂದಿರದಲ್ಲಿ ಧರ್ಮಶಾಸ್ತ್ರವನ್ನು ಓದುತ್ತಾರೆ. ಈ ಏರ್ಪಾಡು ಎಜ್ರನದೆಂದು ಅವರ ಸಂಪ್ರದಾಯವು ಹೇಳುತ್ತದೆ. ಪೂರ್ವದಲ್ಲಿ ಅವು ಸಂತೆಯ ದಿನಗಳಾಗಿದ್ದವು. ಹಳ್ಳಿಗಳ ಒಕ್ಕಲಿಗರು ಧಾನ್ಯವನ್ನು ಮಾರುವದಕ್ಕೆ ಪಟ್ಟಣಕ್ಕೆ ಬಂದಾಗ ವಾಕ್ಯವನ್ನೂ ಕೇಳಿಕೊಂಡು ಹೋಗುತ್ತಿದ್ದರು. ಬಾಬೆಲಿನ ಸೀಮೆಯಲ್ಲಿ ಸೂರಾ, ಪುಂಬೆದಿತಾ ಎಂಬ ಎರಡು ದೊಡ್ಡ ವಿದ್ಯಾಪೀಠಗಳಿದ್ದವು. ಬೇರೆ ಕಾಲದಲ್ಲಿ ತಮ್ಮ ತಮ್ಮ ಕಸುಬುಗಳಲ್ಲಿ ಇರುತ್ತಿದ್ದ ಗೃಹಸ್ಥರು ವರುಷಕ್ಕೆ ಎರಡಾವರ್ತಿ, ಅದಾರ್ ಮತ್ತು ಎಲೂಲ್ ಎಂಬ ತಿಂಗಳುಗಳಲ್ಲಿ, ಅಲ್ಲಿಗೆ ಬಂದು ಕೂತು ಕಲಿಯುತ್ತಿದ್ದರು. ಅವರು ಬರೀ ಕೈಯಲ್ಲಿ ಬರುತ್ತಿರಲಿಲ್ಲ. ಹಿಂದಿನ ತಿಂಗಳುಗಳಲ್ಲಿ ಮನೆಯಲ್ಲಿಯೇ ಓದಿಕೊಂಡ ಭಾಗವನ್ನು ಅಲ್ಲಿ ಒಪ್ಪಿಸಿ, ಮುಂದಿನ ಭಾಗವನ್ನು ಗೊತ್ತುಮಾಡಿಕೊಂಡು ಹಿಂದಿರುಗುತ್ತಿದ್ದರು. 12ನೆಯ ಶತಮಾನದ ಮೈಮೊನಿದೇಸ್ ಎಂಬ ಮಹಾಪಂಡಿತನು ಧರ್ಮವಿಧಿಗಳನ್ನು ಕ್ರೋಡೀಕರಿಸಿದಾಗ, ಬಡವನಾದರೂ ಐಶ್ವರ್ಯವಂತನಾದರೂ, ಯೌವನಸ್ಥನಾದರೂ ಶಕ್ತಿಗುಂದಿದ ವೃದ್ಧನಾದರೂ, ಪ್ರತಿಯೊಬ್ಬನು ದಿನದಲ್ಲಿ ಕಲಿಕೆಗೆ ಒಂದು ಹೊತ್ತನ್ನು ನೇಮಿಸಿಕೊಳ್ಳಬೇಕೆಂದೂ, ಈ ಕರ್ತವ್ಯವು ಸಾಯುವ ದಿನದ ವರೆಗೆ ಬಿಡುವದಿಲ್ಲವೆಂದೂ ಬರೆದನು. ಪೂರ್ವದ ಜ್ಞಾನಿಗಳಲ್ಲಿ ಸೌದೆ ಕಡಿಯುವವರೂ ನೀರು ಹೊರುವವರೂ ಇದ್ದರೆಂಬದನ್ನು ಆತನು ನೆನಪಿಗೆ ತರುತ್ತಾನೆ.

"ನಾವು ದುಡಿಯುವ ಜನ, ನಮಗೆ ಪುರಸೊತ್ತು ಎಲ್ಲಿ?" ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವದುಂಟು. ಈ ಮಾತನ್ನು ನಾವು ತಿರಸ್ಕರಿಸುವದಿಲ್ಲ. ಕಳೆ ಕೀಳುವ ಕಾಲದಲ್ಲಿ ರಾತ್ರಿ ಕಣ್ಣು ತೆರೆದಿರುವದು ಎಷ್ಟು ಕಷ್ಟವೆಂಬದನ್ನು ಬಲ್ಲೆವು. ಆದರೆ ಹೊತ್ತು ಕಡಿಮೆ ಇದ್ದವರಿಗಾಗಿಯೇ ಯೆಹೂದ್ಯರು ಉಪಾಯಗಳನ್ನು ಮಾಡಿದರು. 1923ರಲ್ಲಿ ವಿಯೆನ್ನಾ ಪಟ್ಟಣದಲ್ಲಿ ಕೂಡಿದ ಒಂದು ದೊಡ್ಡ ಸಭೆಯಲ್ಲಿ ಮೇಯಿರ್ ಶಪಿರೊ ಎಂಬ ರಬ್ಬಿಯು, ತಾಲ್ಮೂದ್ ಎಂಬ ಅವರ ಧರ್ಮಚರ್ಚೆಯ ಮಹಾಗ್ರಂಥವನ್ನು ಲೋಕದ ಎಲ್ಲಾ ಯೆಹೂದ್ಯರೂ ದಿನಕ್ಕೆ ಒಂದೇ ಎಲೆಯಂತೆ ಓದಲೆಂದು ಸೂಚಿಸಿದನು. ಅದಕ್ಕೆ 2711 ಎಲೆಗಳು. ಮುಗಿಯುವದಕ್ಕೆ ಸುಮಾರು ಏಳೂವರೆ ವರುಷಗಳು ಬೇಕು. ಮುಗಿದ ಮರುದಿನವೇ ಮೊದಲಿಂದ ಆರಂಭಿಸುತ್ತಾರೆ. ಅಂಗಡಿಯವನೂ ದರ್ಜಿಯೂ ಇಂದಿಗೂ ಹೀಗೆ ಓದುತ್ತಿದ್ದಾರೆ.

ಪುರಸೊತ್ತಿಗಿಂತ ದೊಡ್ಡ ತಡೆಯು ನಾಚಿಕೆಯು. ಮೊಮ್ಮಗನು ಶಾಲೆಯಲ್ಲಿ ಓದುವ ಪಾಠವನ್ನು ತಾತನು ಅವನ ಎದುರಿನಲ್ಲಿ ತಡವರಿಸುತ್ತಾ ಓದುವದಕ್ಕೆ ಹಿಂಜರಿಯುತ್ತಾನೆ. ಈ ನಾಚಿಕೆಯು ಹಳ್ಳಿಯವರದು ಮಾತ್ರವೆಂದು ನೆನಸಬೇಡಿರಿ. 1920ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಪಟ್ಟಣದಲ್ಲಿ ಫ್ರಾನ್ಸ್ ರೋಸೆನ್‌ಜ್ವೈಗ್ ಎಂಬಾತನು ಪ್ರಾಯಸ್ಥ ಯೆಹೂದ್ಯರಿಗಾಗಿ ಒಂದು ಸ್ವತಂತ್ರ ವಿದ್ಯಾಮಂದಿರವನ್ನು ನಡಿಸಿದನು. ಬಂದವರು ಲೋಕವಿದ್ಯೆಯಲ್ಲಿ ನಿಪುಣರು. ಆದರೆ ಸ್ವಂತ ಪೂರ್ವಿಕರ ಗ್ರಂಥಗಳ ವಿಷಯದಲ್ಲಿ ಎಳೇ ಮಕ್ಕಳಂತೆ ಇದ್ದರು. ಅವರ ನಾಚಿಕೆಯನ್ನು ಬಿಡಿಸುವದಕ್ಕೆ ಆತನು ಕಂಡ ದಾರಿ ಏನಂದರೆ, ಎಲ್ಲಾ ಬಲ್ಲವರನ್ನು ಮಾತ್ರ ಬೋಧಕರಾಗಿ ನೇಮಿಸದೆ, ಕಲಿಯುತ್ತಾ ಇರುವ ವೈದ್ಯರನ್ನೂ ಗೃಹಸ್ಥರನ್ನೂ ಸಹ ಬೋಧಿಸುವದಕ್ಕೆ ಕರೆದನು. ತಾನು ಕಠಿಣ ರೋಗದಿಂದ ಕೈಕಾಲೂ ಮಾತೂ ನಿಂತುಹೋದವನಾದಾಗ್ಯೂ 1929ರಲ್ಲಿ ಸಾಯುವ ವರೆಗೆ ಬರೆಯುವದನ್ನು ಬಿಡಲಿಲ್ಲ. ಮುಂದೆ 1933ರಲ್ಲಿ, ಜರ್ಮನಿಯ ಆಳಿಕೆಯು ಯೆಹೂದ್ಯರನ್ನು ಹಿಂಸಿಸತೊಡಗಿದಾಗ, ಮಾರ್ಟಿನ್ ಬೂಬರ್ ಎಂಬಾತನು ಆ ಮಂದಿರವನ್ನು ತಿರಿಗಿ ತೆರೆದನು. 1938ರಲ್ಲಿ ಅದು ಬಲಾತ್ಕಾರದಿಂದ ಮುಚ್ಚಲ್ಪಟ್ಟಿತು. ಹೊರಗಿನವರು ಎಲ್ಲವನ್ನು ಕಿತ್ತುಕೊಳ್ಳುತ್ತಿರುವಾಗ ಮನುಷ್ಯನನ್ನು ನೆಟ್ಟಗೆ ನಿಲ್ಲಿಸಿದ್ದು ಆ ಕಲಿಕೆಯೇ.

ಇನ್ನು ಬಂದುಹೋಗುವ ಬೋಧಕನ ವಿಷಯ. ಪರಊರಿನಿಂದ ಬಂದ ಜ್ಞಾನಿಯನ್ನು ಸಭಾಮಂದಿರದಲ್ಲಿ ಮಾತಾಡಿರೆಂದು ಬೇಡಿಕೊಳ್ಳುವದು ಯೆಹೂದ್ಯರಲ್ಲಿ ಹಳೇ ವಾಡಿಕೆ. ಪಿಸಿದ್ಯದ ಅಂತಿಯೋಕ್ಯದಲ್ಲಿ ಪೌಲನಿಗೂ ಬಾರ್ನಬನಿಗೂ ಹೀಗೆಯೇ ಹೇಳಿಕಳುಹಿಸಿದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಕಾಣುತ್ತೇವೆ. ಈಗಲೂ ಅನೇಕ ದೇಶಗಳಲ್ಲಿ ಅವರ ಸಭೆಗಳು ಒಬ್ಬ ಪಂಡಿತರನ್ನು ಒಂದು ಸಬ್ಬತ್ತಿಗಾಗಿ ಕರಸಿಕೊಳ್ಳುತ್ತವೆ. ಅವರು ಶುಕ್ರವಾರ ಸಂಜೆಯಿಂದ ಸಭೆಯವರ ಸಂಗಡ ಇದ್ದು, ಅವರ ಮನೆಗಳಲ್ಲಿ ಉಂಡು, ಒಂದೇ ವಿಷಯವನ್ನು ಮೂರು ನಾಲ್ಕು ಸಾರಿ ಕೂತು ಬಿಡಿಸಿ ಹೇಳುತ್ತಾರೆ. ಕೇಳುವವರು ಪ್ರಶ್ನೆಗಳನ್ನು ಮಾಡುತ್ತಾರೆ. ನಮ್ಮ ಕನ್ನಡ ನಾಡಿನಲ್ಲಿಯೂ ಇಂಥ ಕೆಲಸವು ನಡೆದದ್ದುಂಟು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿದರು. ಮಾತು ಗಾಳಿಗೆ ಹೋಗದಂತೆ ಅವುಗಳನ್ನು ಚಿಕ್ಕ ಪುಸ್ತಕಗಳಾಗಿ ಅಚ್ಚುಹಾಕಿಸಿ ಅಲ್ಪ ಬೆಲೆಗೆ ಕೊಟ್ಟರು. ಬಂದವರು ಹೋದರು, ಪುಸ್ತಕವು ಊರಲ್ಲಿ ಉಳಿಯಿತು.

ಉಳಿಯುವದು, ಉಳಿಯದೆ ಹೋಗುವದು, ಇದರಲ್ಲಿಯೇ ನಮ್ಮ ಪ್ರಶ್ನೆಯ ಗಂಟು ಇದೆ. ಇದಕ್ಕೆ ನಮ್ಮ ಸೀಮೆಯ ಕಾಲಮಾನದಿಂದಲೇ ಎರಡು ದೃಷ್ಟಾಂತಗಳನ್ನು ಕೊಡುತ್ತೇವೆ. ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ವಿಷ್ಣುವರ್ಧನನಿಂದ ಸ್ಥಾಪಿಸಲ್ಪಟ್ಟಿತು. ಅಲ್ಲಿಯ ಪ್ರತಿಮೆಗಳ ಕೆಳಗೆ ಬಳ್ಳಿಗಾವೆಯಿಂದ ಬಂದ ದಾಸೋಜನ ಹೆಸರೂ ಅವನ ಮಗನಾದ ಚಾವಣನ ಹೆಸರೂ ಕೆತ್ತಲ್ಪಟ್ಟಿವೆ. ತಂದೆಯು ಉಳಿಯನ್ನು ತನ್ನ ಕೈಯಲ್ಲಿಯೇ ಇಟ್ಟುಕೊಂಡಿದ್ದರೆ ಮಗನ ಹೆಸರು ಆ ಕಲ್ಲಿನ ಮೇಲೆ ಬರುತ್ತಿರಲಿಲ್ಲ. ಹಳೇಬೀಡಿನಲ್ಲಿ ಪಾರ್ಶ್ವನಾಥನ ಬಸದಿಯನ್ನು ದಂಡನಾಯಕ ಗಂಗರಾಜನ ಮಗನಾದ ಬೊಪ್ಪದೇವನು 1133ರಲ್ಲಿ ಕಟ್ಟಿಸಿದನು. ಜೈನ ಯತಿಗಳು ಒಂದೇ ಊರಲ್ಲಿ ನಿಲ್ಲುವವರಲ್ಲ. ಆದರೂ ಮಳೆಗಾಲದ ನಾಲ್ಕು ತಿಂಗಳು ಒಂದು ಸ್ಥಳದಲ್ಲಿ ತಂಗಿ ಅಲ್ಲಿಯ ಶ್ರಾವಕರಿಗೆ ಬೋಧಿಸುವ ನೇಮವು ಅವರಲ್ಲಿ ಉಂಟು. ಸಂಚಾರಿಯಾದ ಗುರುವೂ ಊರಿನ ಗೃಹಸ್ಥರಿಗೆ ಬಾಧ್ಯನೆಂಬದನ್ನು ಆ ನೇಮವು ಕಲಿಸುತ್ತದೆ.

ಆ ಬಸದಿಯು ಏಳುವದಕ್ಕೆ ಒಂದು ವರುಷ ಮುಂಚೆ, 1132ರ ಅಕ್ಟೋಬರ್ ತಿಂಗಳಲ್ಲಿ, ಘಟ್ಟದ ಕೆಳಗೆ ಮಂಗಳೂರಿನಲ್ಲಿ ಅಬ್ರಹಾಮ್ ಬೆನ್ ಯಿಜೂ ಎಂಬ ಯೆಹೂದ್ಯ ವರ್ತಕನು ಆಶು ಎಂಬ ದಾಸಿಯನ್ನು ಬಿಡುಗಡೆಮಾಡಿ ಪತ್ರವನ್ನು ಬರೆದನು. ಆತನು ಆಫ್ರಿಕ ಖಂಡದ ಟ್ಯುನೀಸಿಯ ಸೀಮೆಯ ಮೆಹದಿಯಾ ಪಟ್ಟಣದವನು. 1149ರ ವರೆಗೂ ಈ ಕರಾವಳಿಯಲ್ಲಿ ಮೆಣಸು, ಅಡಕೆ, ಕಬ್ಬಿಣಗಳ ವ್ಯಾಪಾರವನ್ನೂ ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡಿಸಿದನು. ಅಷ್ಟು ಮಾತ್ರವಲ್ಲ, ಆತನು ವಿದ್ವಾಂಸನು. ಇಬ್ರಿಯ ಭಾಷೆಯಲ್ಲಿ ಕವಿತೆಗಳನ್ನು ಬರೆದವನು, ಧರ್ಮನಿರ್ಣಯಗಳನ್ನು ಪ್ರತಿಮಾಡಿಕೊಂಡವನು. ಇಲ್ಲಿ ಕಾಗದ ಸಿಕ್ಕದ ಕಾರಣ ಏಡನ್ ಪಟ್ಟಣದ ಸ್ನೇಹಿತರು ಹಡಗಿನಲ್ಲಿ ಆತನಿಗೆ ಕಾಗದವನ್ನು ಕಳುಹಿಸುತ್ತಿದ್ದರು. ಅವನ ಪತ್ರಗಳು ಕೈರೋ ಪಟ್ಟಣದ ಹಳೇ ಸಭಾಮಂದಿರದ ಉಗ್ರಾಣದಲ್ಲಿ ಶತಮಾನಗಳ ಕಾಲ ಬಿದ್ದಿದ್ದವು. ಆ ಉಗ್ರಾಣದ ಬಹುಪಾಲು ಬರಹಗಳನ್ನು 19ನೆಯ ಶತಮಾನದ ಕಡೇ ವರುಷಗಳಲ್ಲಿ ಹೊರಗೆ ತೆಗೆದರು. ಗೊಯಿಟೈನ್ ಎಂಬ ಪಂಡಿತರು ಅವುಗಳನ್ನು ಓದಿ ಲೋಕಕ್ಕೆ ತಿಳಿಸಿದ್ದರಿಂದ ಈ ಸಂಗತಿಯೆಲ್ಲಾ ನಮಗೆ ಗೊತ್ತಾಗಿದೆ. ಆದರೆ ಆತನ ವಿದ್ಯೆಯ ಗುರುತು ಮಂಗಳೂರಿನಲ್ಲಿ ಉಳಿಯಲಿಲ್ಲ. ಆತನು ಹಡಗು ಹತ್ತಿದಾಗ ವಿದ್ಯೆಯೂ ಹಡಗು ಹತ್ತಿತು. ಇದಕ್ಕಾಗಿ ಆತನನ್ನು ದೂಷಿಸುವದಿಲ್ಲ. ಆತನು ಬೋಧಿಸುವದಕ್ಕೆ ಬಂದವನಲ್ಲ, ವ್ಯಾಪಾರಕ್ಕೆ ಬಂದವನು. ಆದರೆ ಬೋಧಿಸುವದಕ್ಕೆಂದೇ ಬರುವ ನಾವು ಹೋಗುವಾಗ ಅದೇ ಪ್ರಕಾರ ಎಲ್ಲವನ್ನು ಚೀಲದಲ್ಲಿ ಕಟ್ಟಿಕೊಂಡು ಹೋದರೆ ಏನು ಹೇಳೋಣ?

ಎರಡನೆಯ ದೃಷ್ಟಾಂತವು ಅದೇ ಕರಾವಳಿಯ ಉತ್ತರ ಭಾಗದ್ದು. ಮುಂಬಯಿಯ ದಕ್ಷಿಣಕ್ಕೆ ಕೊಂಕಣದ ಹಳ್ಳಿಗಳಲ್ಲಿ ಬೆನೆ ಇಸ್ರಾಯೇಲರೆಂಬ ಯೆಹೂದ್ಯರು ಎಣ್ಣೆಯ ಗಾಣಗಳನ್ನು ನಡಿಸಿಕೊಂಡು ಇದ್ದರು. ಶನಿವಾರದಲ್ಲಿ ಗಾಣ ಕಟ್ಟದೆ ಇದ್ದದರಿಂದ ನೆರೆಯವರು ಅವರನ್ನು ಶನಿವಾರದ ಗಾಣಿಗರೆಂದು ಕರೆದರು. ಅವರಿಗೆ ಗ್ರಂಥವಿರಲಿಲ್ಲ, ಇಬ್ರಿಯ ಭಾಷೆಯು ಮರೆತುಹೋಗಿತ್ತು. ಸಬ್ಬತ್ತು, ಸುನ್ನತಿ, ಊಟದ ನೇಮಗಳು, ದೇವರು ಒಬ್ಬನೇ ಎಂಬ ಶೆಮ ಎಂಬ ವಾಕ್ಯ, ಇಷ್ಟೇ ಉಳಿದಿದ್ದವು. ಹೀಗಿರಲು ದಾವೀದ್ ರಹಾಬಿ ಎಂಬ ಪಂಡಿತನು ಅವರಲ್ಲಿಗೆ ಬಂದನೆಂದು ಅವರ ಹಿರಿಯರು ಹೇಳುತ್ತಾ ಬಂದಿದ್ದಾರೆ. ಆತನು ಸಾವಿರ ವರುಷಗಳ ಹಿಂದಿನವನೆಂದು ಕೆಲವರೂ, 18ನೆಯ ಶತಮಾನದ ಕೊಚ್ಚಿಯ ರಹಾಬಿ ಮನೆತನದವನೆಂದು ಕೆಲವರೂ ಎನ್ನುತ್ತಾರೆ. ಇವರು ನಿಜವಾಗಿ ಯೆಹೂದ್ಯರೋ ಎಂದು ಪರೀಕ್ಷಿಸುವದಕ್ಕೆ ಆತನು ಹಲವು ಬಗೆಯ ಮೀನುಗಳನ್ನು ಕೂಡಿಸಿ ಮನೆಯ ಹೆಂಗಸರಿಗೆ ಕೊಟ್ಟು ಅಡಿಗೆ ಮಾಡಿರೆಂದನಂತೆ. ಅವರು ರೆಕ್ಕೆಯೂ ಪರೆಯೂ ಇಲ್ಲದ ಮೀನುಗಳನ್ನು ಬೇರೆ ತೆಗೆದಿಟ್ಟು, "ಇವುಗಳನ್ನು ನಾವು ತಿನ್ನುವದಿಲ್ಲ" ಅಂದರಂತೆ. ಯಾಜಕಕಾಂಡದ ಆ ವಿಧಿಯನ್ನು ಅವರು ಯಾವ ಗ್ರಂಥದಲ್ಲಿಯೂ ಓದಿರಲಿಲ್ಲ; ತಾಯಿಂದ ಮಗಳಿಗೆ ಒಲೆಯ ಮುಂದೆ ಬಂದದ್ದು ಅದು.

ಆ ಪಂಡಿತನು ಮುಂದೆ ಮಾಡಿದ್ದೇನು? ತಾನೇ ಅವರ ಸಮಸ್ತ ಕಾರ್ಯಗಳನ್ನು ನಡಿಸುವವನಾಗಿ ಕೂತುಕೊಳ್ಳಲಿಲ್ಲ. ಮೂರು ಮನೆತನಗಳಿಂದ ಮೂವರು ಯೌವನಸ್ಥರನ್ನು ಆರಿಸಿ, ಅವರಿಗೆ ಗ್ರಂಥವನ್ನೂ ಪ್ರಾರ್ಥನೆಗಳನ್ನೂ ಕಲಿಸಿ, ಜನರಿಗೆ ಬೋಧಿಸುವದನ್ನೂ ವ್ಯಾಜ್ಯ ತೀರಿಸುವದನ್ನೂ ಅವರಿಗೆ ಒಪ್ಪಿಸಿದನೆಂದು ಹೇಳುತ್ತಾರೆ. ಅವರ ವಂಶದವರು ಕಾಜಿಗಳೆಂಬ ಹೆಸರಿನಿಂದ ಹಳ್ಳಿ ಹಳ್ಳಿಗೆ ತಿರುಗಿ ಆ ಕೆಲಸವನ್ನು ಮಾಡಿದರು. 1796ರಲ್ಲಿ ಆ ಜನಾಂಗದ ಸಮುವೇಲ್ ದಿವೇಕರ್ ಎಂಬಾತನು ಮುಂಬಯಿಯಲ್ಲಿ ಅವರ ಮೊದಲನೆಯ ಸಭಾಮಂದಿರವನ್ನು ಕಟ್ಟಿಸಿದನು. 1826ರ ಸುಮಾರಿಗೆ ಕೊಚ್ಚಿಯಿಂದ ಯೆಹೂದ್ಯ ಬೋಧಕರು ಬಂದು ಇನ್ನೂ ಹೆಚ್ಚಾಗಿ ಕಲಿಸಿದರು. ಮಂಗಳೂರಿನ ದೊಡ್ಡ ವಿದ್ವಾಂಸನ ಬೋಧೆಯು ಉಳಿಯದೆ, ಗಾಣಿಗರ ಹಳ್ಳಿಯ ಬೋಧೆಯು ಉಳಿದದ್ದು ಈ ಮೂವರು ಶಿಷ್ಯರ ದೆಸೆಯಿಂದಲೇ.

ಇಲ್ಲಿ ನಮ್ಮ ಮಿಶನ್ನಿನ ಜನರಿಗೆ ಮುಳ್ಳಿನಂತೆ ಚುಚ್ಚುವ ಒಂದು ಸಂಗತಿಯನ್ನೂ ಬಚ್ಚಿಡದೆ ಹೇಳಬೇಕು. 1829ರಲ್ಲಿ ಮುಂಬಯಿಗೆ ಬಂದ ಸ್ಕಾಟ್ಲೆಂಡಿನ ಜಾನ್ ವಿಲ್ಸನ್ ಪಾದ್ರಿಗಳು ಬೆನೆ ಇಸ್ರಾಯೇಲರ ಪ್ರಯೋಜನಕ್ಕಾಗಿ 1832ರಲ್ಲಿ ಮರಾಠಿಯಲ್ಲಿ ಇಬ್ರಿಯ ವ್ಯಾಕರಣವನ್ನು ಬರೆದರು. ಅವರ ಮಕ್ಕಳಿಗಾಗಿ ಶಾಲೆಗಳನ್ನು ನಡಿಸಿದರು. ಅವರು ಕ್ರೈಸ್ತರಾಗುವರೆಂಬ ನಿರೀಕ್ಷೆಯು ಮಿಶನರಿಗಳಿಗೆ ಇತ್ತು. ಆದರೆ ಆದವರು ಬಹು ಕೊಂಚ. ಮಿಕ್ಕವರು ಆ ವ್ಯಾಕರಣದಿಂದ ಇಬ್ರಿಯವನ್ನು ಕಲಿತು, ತಮ್ಮ ಪಿತೃಗಳ ಗ್ರಂಥವನ್ನು ಓದಿ, ತಮ್ಮ ಮತದಲ್ಲಿಯೇ ಹೆಚ್ಚು ಸ್ಥಿರರಾದರು. ಹಾಗಾದರೆ ವಿಲ್ಸನರ ಶ್ರಮವು ವ್ಯರ್ಥವೋ? ನಾವು ಹಾಗೆ ಎಣಿಸುವದಿಲ್ಲ. ವಿದ್ಯೆಯನ್ನು ಕೊಟ್ಟು, ನೀನು ನಮ್ಮವನಾಗಿ ಅದನ್ನು ತೀರಿಸಬೇಕೆಂದು ಕೇಳುವವನು ಬೋಧಕನಲ್ಲ, ಬಡ್ಡಿಯ ಸಾಹುಕಾರನು. ಕೊಟ್ಟದ್ದು ನಿಜವಾಗಿ ಕೊಟ್ಟದ್ದಾದರೆ, ಪಡಕೊಂಡವನು ಅದರಿಂದ ತಾನೇ ವಿಚಾರಿಸಿ ತಾನೇ ನಿರ್ಣಯಿಸುವ ಸ್ವಾತಂತ್ರ್ಯವನ್ನೂ ಅದರ ಸಂಗಡಲೇ ಕೊಟ್ಟಿರಬೇಕು. ಬೆರೋಯದವರು ಪೌಲನ ಮಾತನ್ನು ಸಹ ಗ್ರಂಥಕ್ಕೆ ಹಿಡಿದು ನೋಡಿದರು. ಅದಕ್ಕಾಗಿ ಅವರು ಹೊಗಳಲ್ಪಟ್ಟರು, ಬೈಯಲ್ಪಡಲಿಲ್ಲ.

ರಹಾಬಿಯ ಕೆಲಸದಲ್ಲಿ ಒಂದು ಕೊರತೆಯೂ ಇತ್ತು. ಪರೀಕ್ಷೆಯಲ್ಲಿ ಗೆದ್ದವರು ಹೆಂಗಸರು. ಪಾಠಕ್ಕೆ ಆರಿಸಲ್ಪಟ್ಟವರು ಗಂಡಸರು. ಈ ಲೆಕ್ಕವು ತೀರುವದಕ್ಕೆ ಬಹುಕಾಲ ಹಿಡಿಯಿತು. ಆ ಮೂರು ಮನೆತನಗಳಲ್ಲಿ ಒಂದರ ಹೆಸರು ಝಿರಾಡ್. ಅದೇ ಹೆಸರನ್ನು ಹೊತ್ತ ಜೆರುಶಾ ಝಿರಾಡ್ ಎಂಬವರು 1890ರಲ್ಲಿ, ಅರಸೀಕೆರೆಗೆ ದೂರವಲ್ಲದ ನಮ್ಮ ಶಿವಮೊಗ್ಗೆಯಲ್ಲಿ ಹುಟ್ಟಿದರು. ಮುಂಬಯಿಯಲ್ಲಿಯೂ ಲಂಡನಿನಲ್ಲಿಯೂ ವೈದ್ಯವನ್ನು ಕಲಿತು, 1928ರಿಂದ 1947ರ ವರೆಗೆ ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಾಧಿಕಾರಿಯಾಗಿದ್ದು ಅಸಂಖ್ಯಾತ ತಾಯಂದಿರನ್ನು ಉಪಚರಿಸಿದರು. ಹೆರಿಗೆಯ ಆಸ್ಪತ್ರೆಯ ಕೆಲಸದ ನಡುವೆಯೂ ಅವರು 1925ರಲ್ಲಿ ಮುಂಬಯಿಯಲ್ಲಿ ಯೆಹೂದ್ಯ ಧಾರ್ಮಿಕ ಸಂಘವನ್ನು ಸ್ಥಾಪಿಸಿದರು. ಆ ಸಂಘವು ಹೊರದೇಶದಿಂದ ಬೋಧಕರನ್ನು ಕರಸಿಕೊಂಡಿತು. 1957ರಿಂದ 1960ರ ವರೆಗೆ ಹ್ಯೂಗೋ ಗ್ರಿನ್ ಎಂಬ ರಬ್ಬಿಯು ಅದರ ಸೇವೆಯಲ್ಲಿ ಇದ್ದನು. ಬಾಲ್ಯದಲ್ಲಿ ಆಶ್ವಿಟ್ಸ್ ಎಂಬ ಮರಣದ ಶಿಬಿರದಿಂದ ಉಳಿದು ಬಂದವನು ಆತನು. ಕರೆಯುವವರು ಮೊದಲು ಒಂದು ಸಂಘವಾಗಿ ಕೂತಿದ್ದರು, ಆ ಮೇಲೆ ಬೋಧಕನು ಬಂದನು; ಬೋಧಕನು ಬಂದ ಮೇಲೆ ಕೂತವರಲ್ಲ. ಈ ಕ್ರಮವನ್ನು ಚೆನ್ನಾಗಿ ನೋಡಿರಿ. 1948ರ ತರುವಾಯ ಬೆನೆ ಇಸ್ರಾಯೇಲರಲ್ಲಿ ಬಹುಮಂದಿ ಇಸ್ರಾಯೇಲ್ ದೇಶಕ್ಕೆ ಹೋದರು. ಇಲ್ಲಿ ಉಳಿದವರು ಸ್ವಲ್ಪವಾದರೂ ಸಭೆಗಳನ್ನು ನಡಿಸುತ್ತಿದ್ದಾರೆ.

ಈಗ ಮೊದಲಿನ ಪ್ರಶ್ನೆಗೆ ನಮಗೆ ತೋರಿದ ಉತ್ತರವನ್ನು ಹೇಳುತ್ತೇವೆ. ಬೋಧಕನೇ ಬಾರದ ಊರಿನಲ್ಲಿ ತಿಳಿಯದೆ ಇರುವದು ದುರ್ದೆಸೆಯು. ಅಂಥ ಊರಿನವರು ಉಳಿದದ್ದನ್ನು ಒಲೆಯ ಮುಂದೆಯಾದರೂ ಕಾಪಾಡಿಕೊಂಡರೆ ಅವರು ಸ್ತುತಿಗೆ ಯೋಗ್ಯರು. ಬೋಧಕನು ಬಂದ ಮೇಲೂ ಬೋಧೆಯು ಉಳಿಯದಿದ್ದರೆ ಅದು ದೋಷವು, ಮತ್ತು ಆ ದೋಷಕ್ಕೆ ಇಬ್ಬರು ಪಾಲುಗಾರರು. "ಅಯ್ಯನವರು ಚೆನ್ನಾಗಿ ಮಾತಾಡಿದರು" ಎಂದು ಹೇಳಿ, ಏನು ಮಾತಾಡಿದರೆಂದು ಕೇಳಿದರೆ ಸುಮ್ಮನಿರುವ ಕೇಳುಗನು ಒಬ್ಬನು. ತಾನಿಲ್ಲದೆ ನಡೆಯದಂತೆ ಎಲ್ಲವನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳುವ ಬೋಧಕನು ಇನ್ನೊಬ್ಬನು. ಇವರಲ್ಲಿ ಎರಡನೆಯವನ ಪಾಲು ದೊಡ್ಡದು, ಯಾಕಂದರೆ ಪುಸ್ತಕವು ಅವನ ಕೈಯಲ್ಲಿ ಇತ್ತು. ನಾವು ಇದನ್ನು ಇತರರಿಗೆ ಹೇಳುವದಕ್ಕಿಂತ ಮುಂಚೆ ನಮಗೇ ಹೇಳಿಕೊಳ್ಳುತ್ತೇವೆ. ಊರ ಹೊರಗೆ ನಮ್ಮನ್ನು ಕಂಡು ಮಕ್ಕಳು ಓಡಿಬರುವದೂ, ನಾವು ಬಾರದೆ ಏನೂ ಆಗದೆಂದು ಹಿರಿಯರು ಹೇಳುವದೂ ನಮಗೆ ಇಂಪಾಗಿತ್ತು. ಆ ಇಂಪೇ ಬಾಗಲಿಗೆ ಜೇಡರಬಲೆಯನ್ನು ಕಟ್ಟಿಸಿತು.

ಕೆಲವರು, "ಓದು ಬಾರದವರ ಕೈಗೆ ಪುಸ್ತಕ ಕೊಟ್ಟರೆ ತಪ್ಪು ಅರ್ಥ ಹೇಳುವರು" ಎಂದು ಆಕ್ಷೇಪಿಸುವರು. ಹೌದು, ಹೇಳುವರು. ಆದರೆ ಗುರುವು ತಿರಿಗಿ ಬರುವದು ಆ ತಪ್ಪುಗಳನ್ನು ತಿದ್ದುವದಕ್ಕಾಗಿಯೇ ಅಲ್ಲವೇ? ನಡೆಯದ ಕೂಸು ಬೀಳುವದಿಲ್ಲ. ಹಾಗೆಂದು ಅದನ್ನು ಕಂಕುಳಿಂದ ಇಳಿಸದೆ ಇರುವ ತಾಯಿಯನ್ನು ಯಾರೂ ಬುದ್ಧಿವಂತೆ ಎನ್ನುವದಿಲ್ಲ. ಆದಕಾರಣ ದೊಡ್ಡ ಬೋಧಕರನ್ನು ಕರಸುವದಕ್ಕೆ ಹಣ ಕೂಡಿಸುವ ಸಭೆಗಳಿಗೆ ನಮ್ಮ ವಿನಂತಿಯೇನಂದರೆ, ಅವರು ಬರುವದಕ್ಕೆ ಒಂದು ತಿಂಗಳು ಮುಂಚೆ ವಿಷಯವನ್ನು ಕೇಳಿ ತಿಳಿದು, ಇಬ್ಬಿಬ್ಬರಾಗಿ ಕೂತು ಆ ಭಾಗವನ್ನು ಓದಿಕೊಳ್ಳಿರಿ. ಅವರು ಬಂದಾಗ ಹಾರಕ್ಕೆ ಖರ್ಚುಮಾಡುವದನ್ನು ಪುಸ್ತಕಕ್ಕೆ ಖರ್ಚುಮಾಡಿರಿ. ಅವರು ಹೋದ ವಾರದಲ್ಲಿ ನಿಮ್ಮಲ್ಲಿ ಒಬ್ಬರು, ಅವರು ಹೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳಲಿ.

ಆ ಹಳ್ಳಿಯಲ್ಲಿ ನಾವು ಹೀಗೆ ಆರಂಭಿಸಿ ನಾಲ್ಕು ವರುಷಗಳಾದವು. ನಾಲ್ವರಿಗೆ ಓದಿ ಹೇಳುವ ಸರದಿಯನ್ನು ಗೊತ್ತುಮಾಡಿದೆವು. ಅವರಲ್ಲಿ ಇಬ್ಬರು ಹೆಂಗಸರು. ಆ ವೃದ್ಧೆಯು ಅಕ್ಷರಗಳನ್ನು ಕಲಿತಳು. ಈಗ ಬೆರಳಿಟ್ಟು ಒಂದೊಂದೇ ಮಾತನ್ನು ಕೂಡಿಸಿ ಓದುತ್ತಾಳೆ. ಹೋದ ತಿಂಗಳು ನಾವು ಹಳೇಬೀಡಿನಿಂದ ಜಾವಗಲ್ಲಿನ ಮೇಲೆ ಬರುತ್ತಿರುವಾಗ ಬಸ್ಸು ಕೆಟ್ಟು ನಿಂತು, ಬಹಳ ಹೊತ್ತು ಮೀರಿ ಊರನ್ನು ಮುಟ್ಟಿದೆವು. ಕೂಟವು ಆಗಲೇ ನಡೆಯುತ್ತಿತ್ತು. ಯಾರೂ ಎದ್ದು ನಿಲ್ಲಲಿಲ್ಲ. ಒಬ್ಬ ಹುಡುಗನು ಮಾತ್ರ ಸರಿದು ಚಾಪೆಯ ಮೇಲೆ ನಮಗೆ ಸ್ಥಳ ಕೊಟ್ಟನು. ಓದುತ್ತಿದ್ದ ಹೆಂಗಸು ಒಂದು ಹೆಸರನ್ನು ತಪ್ಪಾಗಿ ಉಚ್ಚರಿಸಿದಳು, ಪಕ್ಕದವಳು ತಿದ್ದಿದಳು. ನಮ್ಮನ್ನು ಯಾರೂ ಕೇಳಲಿಲ್ಲ. ಒಂದು ಕ್ಷಣ ನಮ್ಮ ಮನಸ್ಸಿಗೆ ನೋವಾಯಿತೆಂಬದನ್ನು ಒಪ್ಪಿಕೊಳ್ಳುತ್ತೇವೆ. ಪ್ರಿಯ ವಾಚಕರೇ, ನಿಮ್ಮ ಊರಿಗೆ ಬರುವ ಬೋಧಕರಿಗೂ ಅಂಥ ನೋವನ್ನು ಬೇಗನೆ ಕೊಡಿರಿ. ಅವರು ನಿಮ್ಮ ನಿಜವಾದ ಸ್ನೇಹಿತರಾಗಿದ್ದರೆ ನಿಮ್ಮ ಸಂಗಡ ಆ ಚಾಪೆಯ ಮೇಲೆ ಕೂತುಕೊಂಡು ಕೇಳುವರು.